ಮನೆಯಲ್ಲಿ ‘ಉಪದ್ರ’ ಶುರುವಾಗಿದೆ ಎನ್ನಿಸಿದಾಗ ಏನು ಮಾಡಬೇಕು?

ಮಳೆಗಾಲ ಹಿಡಿದು ಆಟಿ ತಿಂಗಳು ಕಾಲಿಟ್ಟಿತೆಂದರೆ ಮಂಗಳೂರು, ಉಡುಪಿ ಕಡೆಯ ಓದುಗರಿಂದ ಒಂದೇ ಬಗೆಯ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ರಾತ್ರಿ ಎರಡು ಗಂಟೆಗೆ ಅಟ್ಟದಲ್ಲಿ ಯಾರೋ ನಡೆದ ಸದ್ದು ಕೇಳುತ್ತದೆ, ಹಂಚಿನ ಮೇಲೆ ಕಲ್ಲು ಬೀಳುತ್ತದೆ, ಚಿಲಕ ಹಾಕಿದ್ದ ಬಾಗಿಲು ಬೆಳಗಾಗುವಾಗ ತೆರೆದಿರುತ್ತದೆ, ಒಣಹಾಕಿದ ಬಟ್ಟೆಯಲ್ಲಿ ಸುಟ್ಟ ತೂತು ಕಾಣುತ್ತದೆ; ಇದು ಏನು, ದೆವ್ವ ಎಂಬುದು ನಿಜವಾಗಿ ಇದೆಯೇ, ನಾವು ಯಾರನ್ನು ಕರೆಸಬೇಕು ಎಂದು ಕೇಳುತ್ತಾರೆ. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಉತ್ತರಿಸುವ ಬದಲು, ಇಂಥ ಮನೆಗಳಲ್ಲಿ ನಾನು ಅನುಸರಿಸುವ ಕ್ರಮವನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಇದೆಯೇ ಎಂಬ ಪ್ರಶ್ನೆಗೆ ನನ್ನ ಉತ್ತರವನ್ನು ಮೊದಲೇ ಹೇಳುತ್ತೇನೆ. ಪರೀಕ್ಷೆಗೆ ಒಡ್ಡಿದಾಗ ನಿಂತ ಪುರಾವೆ ಈವರೆಗೆ ಒಂದೂ ಇಲ್ಲ. ಪ್ರೇತಾನುಭವಗಳನ್ನೂ ಅಂಥ ಇತರ ಸಂಗತಿಗಳನ್ನೂ ಶಿಸ್ತಿನಿಂದ ಪರಿಶೀಲಿಸಲೆಂದೇ ಲಂಡನ್ನಿನಲ್ಲಿ 1882ರಲ್ಲಿ ಒಂದು ಸಂಶೋಧನಾ ಸಂಘ ಹುಟ್ಟಿತು. ಅಂದಿನಿಂದ ರಾಶಿ ರಾಶಿ ವರದಿಗಳು ಸೇರಿದರೂ, ಬೇಕೆಂದಾಗ ಮತ್ತೊಮ್ಮೆ ತೋರಿಸಿ ವಿಜ್ಞಾನಿಗಳನ್ನು ಒಪ್ಪಿಸಬಲ್ಲ ಘಟನೆ ಅವುಗಳಲ್ಲಿ ಸಿಕ್ಕಿಲ್ಲ. ಕೇರಳದ ತಿರುವಲ್ಲದಲ್ಲಿ ಹುಟ್ಟಿ ಶ್ರೀಲಂಕಾದಲ್ಲಿ ನೆಲೆಸಿದ್ದ ಅಬ್ರಹಾಂ ಕೋವೂರ್ ಅವರು, ಮೋಸಕ್ಕೆ ಎಡೆಯಿಲ್ಲದ ಸ್ಥಿತಿಯಲ್ಲಿ ಅತಿಮಾನುಷ ಶಕ್ತಿಯನ್ನು ತೋರಿಸಿದವರಿಗೆ ಒಂದು ಲಕ್ಷ ಶ್ರೀಲಂಕಾ ರೂಪಾಯಿ ಕೊಡುವುದಾಗಿ 1963ರಲ್ಲಿ ಸವಾಲು ಹಾಕಿದರು. 1978ರಲ್ಲಿ ಅವರು ತೀರಿಕೊಳ್ಳುವವರೆಗೂ ಆ ಹಣವನ್ನು ಯಾರೂ ಗೆದ್ದುಕೊಳ್ಳಲಿಲ್ಲ.

ಇಷ್ಟು ಹೇಳಿದ ಮಾತ್ರಕ್ಕೆ ನಡುರಾತ್ರಿ ಎದ್ದು ಕುಳಿತವರ ಎದೆಬಡಿತ ಇಳಿಯುವುದಿಲ್ಲ ಎಂಬುದು ನನಗೆ ಗೊತ್ತು. ನಿಮಗೆ ಕೇಳಿಸಿದ ಸದ್ದು ನಿಜ, ಆದ ಹೆದರಿಕೆಯೂ ನಿಜ. ನನ್ನ ಕಳಕಳಿ ಇರುವುದು ಬೇರೆ ಕಡೆ: ‘ಇದು ಕುಲೆಯದ್ದು’, ಅಂದರೆ ಪ್ರೇತದ್ದು, ಎಂದು ಹೆಸರಿಟ್ಟ ಕೂಡಲೇ ಮನೆಯವರು ಕಾರಣ ಹುಡುಕುವುದನ್ನು ನಿಲ್ಲಿಸಿಬಿಡುತ್ತಾರೆ, ಆಗ ನಿಜವಾದ ಕಾರಣ, ಅದು ಸೋರುವ ವಿದ್ಯುತ್ತಾಗಿರಲಿ, ವಿಷಾನಿಲವಾಗಿರಲಿ, ಒಳಗೊಳಗೇ ಸಂಕಟಪಡುತ್ತಿರುವ ಮಗುವಾಗಿರಲಿ, ಅಲ್ಲೇ ಉಳಿದು ಬೆಳೆಯುತ್ತದೆ.

ಮೊದಲು ಕೆಲವು ಪದಗಳು

ತುಳುನಾಡಿನಲ್ಲಿ ‘ಭೂತ’ ಎಂದರೆ ಘಟ್ಟದ ಮೇಲಿನವರು ಹೇಳುವ ದೆವ್ವವಲ್ಲ. ಕೋಲ, ನೇಮ ಕೊಟ್ಟು ಆರಾಧಿಸುವ ದೈವ. ಈ ಲೇಖನಕ್ಕೂ ದೈವಾರಾಧನೆಗೂ ಸಂಬಂಧವಿಲ್ಲ. ‘ಕುಲೆ’ ಎಂದರೆ ತೀರಿಕೊಂಡವರ ಪ್ರೇತ; ಆಟಿಯಲ್ಲಿ ಅವರಿಗೆಂದು ಎಡೆ ಬಡಿಸುವ, ಮದುವೆಯಾಗದೆ ಸತ್ತವರಿಗೆ ಕುಲೆ ಮದುವೆ ಮಾಡಿಸುವ ಪದ್ಧತಿಗಳು ನಮ್ಮಲ್ಲಿವೆ. ಅಗಲಿದವರನ್ನು ನೆನೆಯುವ ಆ ಕ್ರಮಗಳ ಬಗ್ಗೆಯೂ ನನ್ನ ತಕರಾರಿಲ್ಲ. ‘ಉಪದ್ರ’ ಎಂದರೆ ಕಲ್ಲು ಬೀಳುವುದು, ಪಾತ್ರೆ ಹಾರುವುದು, ಬಟ್ಟೆಗೆ ಬೆಂಕಿ ಹತ್ತುವುದು ಮುಂತಾದವು. ಕೆಲವರು ಇದನ್ನು ಕುಟ್ಟಿಚಾತನ ಕಾಟ ಎನ್ನುತ್ತಾರೆ, ಉತ್ತರ ಕರ್ನಾಟಕದ ಕಡೆ ಭಾನಾಮತಿ ಎನ್ನುತ್ತಾರೆ. ಪಾಶ್ಚಾತ್ಯರು ಇದಕ್ಕೆ ‘ಪೋಲ್ಟರ್‌ಗೈಸ್ಟ್’ ಎನ್ನುವುದುಂಟು. ಜರ್ಮನ್ ಭಾಷೆಯ ಈ ಪದಕ್ಕೆ ‘ಗಲಾಟೆ ಮಾಡುವ ಆತ್ಮ’ ಎಂದು ಅರ್ಥ.

ಬೇಕಾಗುವ ಸಾಮಾನು ಹೆಚ್ಚಿಲ್ಲ: ಒಂದು ನೋಟ್‌ಬುಕ್, ಸಮಯ ಸರಿಯಾಗಿ ತೋರಿಸುವ ಗಡಿಯಾರ, ಒಳ್ಳೆಯ ಟಾರ್ಚು, ಧ್ವನಿಮುದ್ರಣ ಮಾಡಬಲ್ಲ ಮೊಬೈಲು, ಜರಡಿ ಹಿಡಿದ ಒಲೆಯ ಬೂದಿ, ಮತ್ತು ಹದಿನಾಲ್ಕು ರಾತ್ರಿಗಳ ತಾಳ್ಮೆ. ‘ದೆವ್ವ ಪತ್ತೆ’ ಮಾಡುತ್ತದೆ ಎನ್ನುವ ಮೊಬೈಲ್ ಆ್ಯಪ್‌ಗಳನ್ನು ಹಾಕಿಕೊಳ್ಳಬೇಡಿ. ಅಂಥವು ಸಾಮಾನ್ಯವಾಗಿ ಮೊಬೈಲಿನೊಳಗಿನ ದಿಕ್ಸೂಚಿಯ ಸಂವೇದಕವನ್ನೇ ಬಳಸುತ್ತವೆ. ಕಿಟಕಿಯ ಕಬ್ಬಿಣದ ಸರಳು, ಸ್ಪೀಕರಿನ ಅಯಸ್ಕಾಂತ, ಯಾವುದರ ಹತ್ತಿರ ಹೋದರೂ ಮುಳ್ಳು ಏರುತ್ತದೆ.

ಹಂತ 1: ಇಂದೇ ನೋಡಬೇಕಾದ ಅಪಾಯಗಳು

ಹದಿನಾಲ್ಕು ರಾತ್ರಿ ಕಾಯಬಾರದ ಸಂಗತಿಗಳು ನಾಲ್ಕಿವೆ.

ಮೊದಲನೆಯದು ಕಾರ್ಬನ್ ಮೊನಾಕ್ಸೈಡ್. ಇದು ಸೌದೆ, ಇದ್ದಿಲು, ಗ್ಯಾಸ್, ಡೀಸೆಲ್ ಯಾವುದೇ ಇರಲಿ, ಸಾಕಷ್ಟು ಗಾಳಿಯಿಲ್ಲದೆ ಉರಿದಾಗ ಹುಟ್ಟುವ, ಬಣ್ಣವೂ ವಾಸನೆಯೂ ಇಲ್ಲದ ವಿಷಾನಿಲ. ತಲೆನೋವು, ಮಂಕು, ಎದೆಯೊತ್ತು, ಯಾರೋ ಇದ್ದಾರೆಂಬ ಭಾಸ ಇವೆಲ್ಲ ಇದರಿಂದ ಬರಬಲ್ಲವು. ಅಮೆರಿಕದ ಕಣ್ಣಿನ ವೈದ್ಯರ ಪತ್ರಿಕೆಯೊಂದು 1921ರಲ್ಲಿ ಒಂದು ಕುಟುಂಬದ ಕಥೆಯನ್ನು ಪ್ರಕಟಿಸಿತು: ಹಳೆಯ ಮನೆಯೊಂದಕ್ಕೆ ಬಂದ ಮೇಲೆ ಅವರಿಗೆ ಹೆಜ್ಜೆ ಸದ್ದು ಕೇಳತೊಡಗಿತು, ಆಕೃತಿಗಳು ಕಂಡವು, ಮಕ್ಕಳು ಬಿಳುಚಿಕೊಂಡರು, ಕುಂಡದ ಗಿಡಗಳೂ ಬಾಡಿದವು. ಮನೆ ಬೆಚ್ಚಗಿಡುವ ಕುಲುಮೆ ಕೆಟ್ಟು ಅದರ ಹೊಗೆ ಕೋಣೆಗಳಿಗೆ ನುಗ್ಗುತ್ತಿತ್ತು ಎಂಬುದು ಕೊನೆಗೆ ತಿಳಿಯಿತು. ನಮ್ಮಲ್ಲಿ ಕುಲುಮೆ ಇಲ್ಲ, ಆದರೆ ಮಳೆಗೆಂದು ಕಿಟಕಿ ಮುಚ್ಚಿದ ಬಚ್ಚಲುಮನೆಯಲ್ಲಿ ಗ್ಯಾಸ್ ಗೀಸರ್ ಇದೆ, ಹಂಡೆಯ ಒಲೆ ಇದೆ, ಕರೆಂಟು ಹೋದಾಗ ವರಾಂಡದಲ್ಲಿ ಓಡಿಸುವ ಜನರೇಟರ್ ಇದೆ. ‘ಬಚ್ಚಲಿನ ಹತ್ತಿರ ಹೋದರೆ ಮಾತ್ರ ತಲೆ ಸುತ್ತುತ್ತದೆ, ಹೊರಗೆ ಬಂದರೆ ಸರಿಹೋಗುತ್ತದೆ’ ಎಂದು ಯಾರಾದರೂ ಹೇಳಿದರೆ ಅದನ್ನು ಈ ಅನಿಲದ ಗುರುತೆಂದೇ ಎಣಿಸಿ, ಕಿಟಕಿ ಬಾಗಿಲು ತೆರೆದು, ಎಲ್ಲರೂ ಹೊರಬಂದು, ವೈದ್ಯರನ್ನು ಕಾಣಿರಿ. ಅಡುಗೆ ಅನಿಲದ ವಾಸನೆ ಬಂದರೆ ಸ್ವಿಚ್ಚು ಮುಟ್ಟದೆ ರೆಗ್ಯುಲೇಟರ್ ಮುಚ್ಚಿ, ಹೊರಗೆ ಹೋಗಿ 1906ಕ್ಕೆ ಕರೆ ಮಾಡಿ.

ಎರಡನೆಯದು ವಿದ್ಯುತ್ತು. ಒದ್ದೆ ಗೋಡೆ ಮುಟ್ಟಿದಾಗ ಜುಮ್ಮೆನ್ನುವುದು, ನಲ್ಲಿ ಹಿಡಿದಾಗ ಯಾರೋ ಸೆಳೆದಂತಾಗುವುದು, ಒಂದು ಕೋಣೆಯ ದೀಪ ಕುಂದುವಾಗ ಇನ್ನೊಂದರದು ಉಜ್ವಲವಾಗುವುದು, ಇವು ಅರ್ಥಿಂಗ್ ಕೆಟ್ಟಿದೆ ಅಥವಾ ನ್ಯೂಟ್ರಲ್ ತಂತಿ ಸಡಿಲವಾಗಿದೆ ಎಂಬುದರ ಲಕ್ಷಣಗಳು. ಮನೆಯೊಳಗಿನದ್ದನ್ನು ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ರಿಂದ ಪರೀಕ್ಷೆ ಮಾಡಿಸಿ, ಕಂಬದಿಂದ ಬರುವ ಸಂಪರ್ಕದ ಸಂಶಯವಿದ್ದರೆ 1912ಕ್ಕೆ ದೂರು ಕೊಡಿ. ಸೋರಿಕೆ ಕಂಡ ಕ್ಷಣದಲ್ಲಿ ಸಂಪರ್ಕ ಕಡಿಯುವ ಆರ್‌ಸಿಸಿಬಿ ಎಂಬ ಸುರಕ್ಷಾ ಸ್ವಿಚ್ಚು ಇಲ್ಲದಿದ್ದರೆ ಹಾಕಿಸಿಕೊಳ್ಳಿ.

ಮೂರನೆಯದು ಹಾಳು ಬಾವಿ. ‘ಅದು ಇಳಿದವರನ್ನು ಎಳೆದುಕೊಳ್ಳುತ್ತದೆ’ ಎಂಬ ಮಾತಿನ ಹಿಂದೆ ಭೀಕರವಾದ ಸತ್ಯವೊಂದಿದೆ. ಬಳಕೆಯಿಲ್ಲದ ಬಾವಿಯ ತಳದಲ್ಲಿ ಆಮ್ಲಜನಕ ತೀರಿ ಬೇರೆ ಅನಿಲಗಳು ತುಂಬಿರಬಹುದು. ಇಳಿದವರು ಕ್ಷಣದಲ್ಲಿ ಪ್ರಜ್ಞೆ ತಪ್ಪುತ್ತಾರೆ, ಎತ್ತಲು ಇಳಿದ ಎರಡನೆಯವರೂ ಹಾಗೆಯೇ ಸಾಯುತ್ತಾರೆ. ಪರೀಕ್ಷೆಗೆಂದು ಯಾರನ್ನೂ ಇಳಿಸಬೇಡಿ. ಅವಘಡವಾದರೆ 112ಕ್ಕೆ ಕರೆ ಮಾಡಿ ಅಗ್ನಿಶಾಮಕದವರನ್ನು ಕರೆಸಿ.

ನಾಲ್ಕನೆಯದು ಕಳ್ಳರು. ಬೀಗ, ಹಿತ್ತಿಲ ಬಾಗಿಲು, ತೆಗೆಯಬಹುದಾದ ಹಂಚು, ಇವನ್ನು ಹಗಲಲ್ಲೇ ನೋಡಿಕೊಳ್ಳಿ.

ಹಂತ 2: ಪುಸ್ತಕ ಇಡಿ

ಪ್ರತಿ ಘಟನೆಗೂ ಒಂದು ಸಾಲು: ದಿನಾಂಕ, ಗಂಟೆ ನಿಮಿಷ, ಯಾವ ಕೋಣೆ, ಯಾರು ಕೇಳಿದರು ಅಥವಾ ಕಂಡರು, ಆ ಹೊತ್ತಿನಲ್ಲಿ ಉಳಿದವರು ಎಲ್ಲಿದ್ದರು, ಮಳೆ ಗಾಳಿ ಹೇಗಿತ್ತು, ಪಂಪು ಅಥವಾ ಫ್ರಿಡ್ಜ್ ಓಡುತ್ತಿತ್ತೇ. ಏನೂ ಆಗದ ರಾತ್ರಿಗಳನ್ನೂ ತಪ್ಪದೆ ಬರೆಯಿರಿ. ‘ಪ್ರತಿ ಅಮಾವಾಸ್ಯೆಗೂ ಆಗುತ್ತದೆ’ ಎನ್ನುವ ಮನೆಗಳಲ್ಲಿ ಅಮಾವಾಸ್ಯೆಯ ಘಟನೆಗಳು ಮಾತ್ರ ನೆನಪಿರುತ್ತವೆ, ಉಳಿದ ದಿನಗಳವು ಮರೆತುಹೋಗಿರುತ್ತವೆ.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪುಗಳು ಎರಡು. ಒಂದು, ಕೇಳಿಸಿದ್ದನ್ನು ಬಿಟ್ಟು ಊಹಿಸಿದ್ದನ್ನು ಬರೆಯುವುದು. ‘ಅಟ್ಟದಲ್ಲಿ ಹೆಂಗಸು ನಡೆದಳು’ ಎಂದು ಬರೆಯಬೇಡಿ; ‘ಅಟ್ಟದ ತೆಂಕು ಮೂಲೆಯಿಂದ ಟಪ್ ಟಪ್ ಎಂಬ ಸದ್ದು, ಏಳೆಂಟು ಬಾರಿ, ನಡುವೆ ಒಂದು ಸೆಕೆಂಡಿನಷ್ಟು ಬಿಡುವು’ ಎಂದು ಬರೆಯಿರಿ. ಇನ್ನೊಂದು, ಬರೆಯುವುದಕ್ಕೆ ಮೊದಲೇ ಎಲ್ಲರೂ ಕೂತು ಮಾತಾಡಿಕೊಳ್ಳುವುದು. ಮಾತಾಡಿದಷ್ಟೂ ನಾಲ್ಕು ಜನರ ನಾಲ್ಕು ನೆನಪುಗಳು ಬೆರೆತು ಒಂದೇ ಕಥೆಯಾಗುತ್ತವೆ, ಆಮೇಲೆ ಯಾರು ಏನು ಕೇಳಿದ್ದರು ಎಂಬುದನ್ನು ಬಿಡಿಸಲಾಗದು. ನಿರೀಕ್ಷೆಯ ಬಲ ಎಷ್ಟೆಂಬುದಕ್ಕೆ 2009ರಲ್ಲಿ ಪ್ರಕಟವಾದ ಲಂಡನ್ನಿನ ಪ್ರಯೋಗವೊಂದು ಉದಾಹರಣೆ. 79 ಮಂದಿಯನ್ನು ಒಬ್ಬೊಬ್ಬರಾಗಿ ಬರಿದಾದ ಕೋಣೆಯೊಂದಕ್ಕೆ ಕಳುಹಿಸಿ, ವಿಚಿತ್ರ ಅನುಭವಗಳಾಗಬಹುದು ಎಂದು ಮುಂಚೆಯೇ ತಿಳಿಸಿದ್ದರು. ಹಲವರಿಗೆ ತಲೆಸುತ್ತು, ಯಾರೋ ಇದ್ದಾರೆಂಬ ಭಾಸ ಮುಂತಾದವು ಆದವು. ಆದರೆ ಸಂಶೋಧಕರು ಗುಟ್ಟಾಗಿ ಅಳವಡಿಸಿದ್ದ ಕಾಂತಕ್ಷೇತ್ರದ, ಕಿವಿಗೆ ಕೇಳದ ಶಬ್ದದ ಉಪಕರಣಗಳು ಓಡುತ್ತಿದ್ದವೋ ಇಲ್ಲವೋ ಎಂಬುದಕ್ಕೂ ಆ ಅನುಭವಗಳಿಗೂ ತಾಳೆಯಾಗಲಿಲ್ಲ.

ಹಂತ 3: ಸದ್ದಿನ ಮೂಲ ಹಿಡಿಯುವುದು

ನನ್ನ ಬಳಿ ಬರುವ ದೂರುಗಳಲ್ಲಿ ಹೆಚ್ಚಿನವು ಸದ್ದಿನವೇ ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ. ರಾತ್ರಿ ನೆಲದ ಹತ್ತಿರದ ಗಾಳಿ ತಂಪಾಗಿ ಮೇಲಿನ ಪದರ ಬೆಚ್ಚಗಿರುವಾಗ ಸದ್ದು ಮೇಲಕ್ಕೆ ಹಾರಿಹೋಗದೆ ಬಾಗಿ ಕೆಳಗಿಳಿಯುತ್ತದೆ. ಹಗಲು ಕೇಳದ ರೈಲಿನ ಶಿಳ್ಳೆ, ಕಡಲಿನ ಮೊರೆತ, ದೂರದ ಯಕ್ಷಗಾನದ ಚೆಂಡೆ ರಾತ್ರಿ ಹಿತ್ತಿಲಲ್ಲೇ ಇದ್ದಂತೆ ಕೇಳಿಸುವುದು ಇದರಿಂದ.

ಸದ್ದು ಸಂಜೆ ಏಳರಿಂದ ಹತ್ತರೊಳಗೆ, ಮಳೆಯಿಲ್ಲದ ದಿನಗಳಲ್ಲಿ, ಟಕ್ ಟಕ್ ಎಂದು ಬರುತ್ತಿದ್ದರೆ ತಾರಸಿಯ ಮೇಲೆ ಹಾಕಿಸಿದ ತಗಡಿನ ಶೀಟನ್ನು ನೋಡಿ. ಹತ್ತು ಮೀಟರ್ ಉದ್ದದ ಉಕ್ಕಿನ ಶೀಟು 20 ಡಿಗ್ರಿ ತಣಿದರೆ ಎರಡು ಮಿಲಿಮೀಟರಿಗಿಂತ ತುಸು ಹೆಚ್ಚು ಕುಗ್ಗುತ್ತದೆ, ಸ್ಕ್ರೂ ಹಿಡಿದಲ್ಲೆಲ್ಲ ತಡೆದು ತಡೆದು ಜಾರುತ್ತದೆ, ಒಂದೊಂದು ಜಾರಿಗೂ ಒಂದೊಂದು ಸದ್ದು. ಅದೇ ಮಳೆಗಾಲದಲ್ಲಿ ನೋಡಬೇಕಾದದ್ದು ಮರ. ವರ್ಷಕ್ಕೆ 3500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ನಮ್ಮ ಕರಾವಳಿಯಲ್ಲಿ ಬಾಗಿಲು, ತೊಲೆ, ಪಕಾಸುಗಳು ನೀರು ಹೀರಿ ಉಬ್ಬುತ್ತವೆ. ಚಿಲಕ ಪೂರ್ತಿ ಕೂರುವುದಿಲ್ಲ, ನಡುರಾತ್ರಿಯ ಗಾಳಿಗೆ ಬಾಗಿಲು ತಾನೇ ತೆರೆದುಕೊಳ್ಳುತ್ತದೆ.

ಫ್ಲ್ಯಾಟಿನಲ್ಲಿರುವವರು ‘ಮೇಲಿನ ಮನೆ ಖಾಲಿ, ಆದರೂ ಗೋಲಿ ಉರುಳಿದ ಸದ್ದು’ ಎಂದು ಹೇಳುವುದು ಬಹಳ. ನಲ್ಲಿ ಅಥವಾ ವಾಲ್ವು ಫಕ್ಕನೆ ಮುಚ್ಚಿದಾಗ ಪೈಪಿನಲ್ಲಿ ಓಡುತ್ತಿದ್ದ ನೀರು ಗುದ್ದಿ ನಿಲ್ಲುತ್ತದೆ, ಆ ಗುದ್ದು ಕಾಂಕ್ರೀಟಿನ ಮೂಲಕ ಹರಿದು ನಾಲ್ಕು ಮಹಡಿ ದಾಟಿ ಕೇಳಿಸಬಲ್ಲದು. ಇದನ್ನು ಜಲಾಘಾತ ಎನ್ನುತ್ತಾರೆ. ಸದ್ದಾದ ಹೊತ್ತನ್ನು ಪಂಪು ಓಡುವ ಹೊತ್ತಿನೊಂದಿಗೆ ತಾಳೆ ನೋಡಿದರೆ ಸಾಕು.

ಇನ್ನು ಅಟ್ಟ. 1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದಂದಿನಿಂದ ನಮ್ಮ ಮನೆಗಳ ಮೇಲೆ ಕೂತಿರುವ ಮಂಗಳೂರು ಹಂಚು, ಮನುಷ್ಯರಿಗೆ ಹೇಗೋ ಹಾಗೆ ಮರಬೆಕ್ಕಿಗೂ ಒಳ್ಳೆಯ ಸೂರು. ಪುನುಗಿನ ಜಾತಿಯ ಈ ಪ್ರಾಣಿ ಹಗಲೆಲ್ಲ ಮಲಗಿ ರಾತ್ರಿ ಓಡಾಡುತ್ತದೆ. ಅದರ ತೂಕಕ್ಕೆ ಹಲಗೆ ಮನುಷ್ಯರು ನಡೆದಂತೆಯೇ ಸದ್ದು ಮಾಡುತ್ತದೆ. ಕಾಪುವಿನ ಹತ್ತಿರದ ಒಂದು ಮನೆಯಲ್ಲಿ ಅಜ್ಜಿ ತೀರಿಕೊಂಡ ಹದಿನಾರನೆಯ ದಿನದಿಂದ ಅಟ್ಟದಲ್ಲಿ ಹೆಜ್ಜೆ ಕೇಳುತ್ತಿದೆ, ಜೊತೆಗೆ ಗಂಧಸಾಲೆ ಅಕ್ಕಿ ಬೇಯುವ ಪರಿಮಳವೂ ಬರುತ್ತದೆ ಎಂದಿದ್ದರು. ಏಣಿ ಇಟ್ಟು ಹತ್ತಿ, ಅಟ್ಟದ ಹಲಗೆಯ ಮೇಲೆ ಬೂದಿಯನ್ನು ತೆಳ್ಳಗೆ ಹರಡಿ ಬಂದೆವು. ಬೆಳಿಗ್ಗೆ ಟಾರ್ಚನ್ನು ನೆಲಕ್ಕೆ ಸಮನಾಗಿ ಓರೆ ಹಿಡಿದು ನೋಡಿದಾಗ ಬೂದಿಯಲ್ಲಿ ಐದೈದು ಬೆರಳಿನ ಪುಟ್ಟ ಪಾದಗಳು ಮೂಲೆಯ ಒಡೆದ ಹಂಚಿನಿಂದ ಹಳೆಯ ಪತ್ತಾಯದವರೆಗೆ ಸಾಲಾಗಿ ಮೂಡಿದ್ದವು. ಪತ್ತಾಯದ ಹಿಂದೆ ಪಪ್ಪಾಯಿ ಬೀಜಗಳು ಇಡಿಯಾಗಿ ಉಳಿದಿದ್ದ ಹಿಕ್ಕೆಯ ರಾಶಿಯಿತ್ತು. ಬೆಕ್ಕಿನ ಹೆಜ್ಜೆಯಲ್ಲಿ ನಾಲ್ಕೇ ಬೆರಳು ಮೂಡುತ್ತವೆ, ಮರಬೆಕ್ಕಿನದರಲ್ಲಿ ಐದು. ಆ ಅಕ್ಕಿಯ ಪರಿಮಳವೂ ಅದು ಗುರುತಿಗೆಂದು ಸವರುವ ಸ್ರಾವದ್ದೇ.

ಬೂದಿಯ ಬದಲು ಅಕ್ಕಿಹಿಟ್ಟು ಹಾಕಬೇಡಿ, ಇರುವೆ ಇಲಿಗಳು ಬಂದು ಗುರುತು ಅಳಿಸುತ್ತವೆ. ಪ್ರಾಣಿ ಇರುವುದು ಖಚಿತವಾದರೆ ವಿಷ ಇಡಬೇಡಿ, ಅದಕ್ಕೆ ಕಾನೂನಿನ ರಕ್ಷಣೆಯಿದೆ. ಕತ್ತಲಾಗಿ ಅದು ಹೊರಗೆ ಹೋದ ಮೇಲೆ ದಾರಿ ಮುಚ್ಚಬೇಕು. ಹಗಲು ಮುಚ್ಚಿದರೆ ಒಳಗೆ ಮರಿಗಳೊಂದಿಗೆ ಸತ್ತು, ಹೊಸ ವಾಸನೆಯೊಂದಿಗೆ ಹೊಸ ಕಥೆ ಹುಟ್ಟುತ್ತದೆ. ಮರಿಗಳಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ.

ಹಂಚಿನ ಮೇಲೆ ‘ಕಲ್ಲು’ ಬೀಳುತ್ತಿದ್ದರೆ ಬಿದ್ದ ವಸ್ತುವನ್ನು ಹುಡುಕಿ ಕೈಯಲ್ಲಿ ಹಿಡಿಯುವ ತನಕ ಕಲ್ಲೆಂದು ಬರೆಯಬೇಡಿ. ಇಲಿ ಕಡಿದ ತೆಂಗಿನ ಎಳೆಗಾಯಿ, ಅಡಿಕೆ, ಬಾವಲಿ ತಿಂದೆಸೆದ ಬಾದಾಮಿ ಕಾಯಿ, ಎಲ್ಲಕ್ಕೂ ರಾತ್ರಿ ಕಲ್ಲಿನದೇ ಸದ್ದು. ಇನ್ನು ಹೆಂಗಸು ಚೀರಿದಂತೆ ಕೇಳುವ ಕೂಗಿಗೆ ಕಣಜ ಗೂಬೆ ಸಾಕು. ಒಮ್ಮೆ ಮೊಬೈಲಿನಲ್ಲಿ ಮುದ್ರಿಸಿಕೊಂಡು ಹಕ್ಕಿ ವೀಕ್ಷಕರಿಗೆ ಕೇಳಿಸಿ.

ಹಂತ 4: ಕಂಡದ್ದು, ಮುಟ್ಟಿದ್ದು

ನಿದ್ದೆಯಿಂದ ಎಚ್ಚರವಾಗುವಾಗ ಕೈಕಾಲು ಆಡಿಸಲಾಗದೆ, ಎದೆಯ ಮೇಲೆ ಯಾರೋ ಕೂತು ಒತ್ತಿದಂತಾಗಿ, ಬಾಗಿಲ ಬಳಿ ಕಪ್ಪು ಆಕೃತಿ ಕಂಡರೆ ಅದು ‘ಸ್ಲೀಪ್ ಪ್ಯಾರಾಲಿಸಿಸ್’, ಅಂದರೆ ನಿದ್ರಾಸ್ತಂಭನ. ಕನಸು ಬೀಳುವ ಹಂತದಲ್ಲಿ ಮಿದುಳು ಸ್ನಾಯುಗಳನ್ನು ಸಡಿಲಿಸಿ ಕಟ್ಟಿಹಾಕಿರುತ್ತದೆ. ಆ ಕಟ್ಟು ಬಿಚ್ಚುವ ಮೊದಲೇ ಎಚ್ಚರವಾದಾಗ ಕನಸು ಕಣ್ಣೆದುರಿನ ಕೋಣೆಯೊಳಗೇ ನಡೆಯುತ್ತದೆ. ನೂರರಲ್ಲಿ ಸುಮಾರು ಎಂಟು ಜನರಿಗೆ ಬದುಕಿನಲ್ಲಿ ಒಮ್ಮೆಯಾದರೂ ಹೀಗಾಗುತ್ತದೆ. ಕೆಲವು ಸೆಕೆಂಡಿನಿಂದ ಒಂದೆರಡು ನಿಮಿಷದಲ್ಲಿ ತಾನೇ ಬಿಡುತ್ತದೆ. ನಿದ್ದೆಗೆಟ್ಟವರಿಗೆ, ರಾತ್ರಿ ಪಾಳಿ ಮಾಡುವವರಿಗೆ, ಅಂಗಾತ ಮಲಗುವವರಿಗೆ ಹೆಚ್ಚು. ಮಗ್ಗುಲಾಗಿ ಮಲಗಿ, ನಿದ್ದೆಯ ಹೊತ್ತನ್ನು ಸರಿಪಡಿಸಿ. ಮೇಲಿಂದ ಮೇಲೆ ಆಗುತ್ತಿದ್ದರೆ ವೈದ್ಯರಿಗೆ ಹೇಳಿ.

ತೀರಿಕೊಂಡ ಗಂಡನ ಧ್ವನಿ ಕೇಳಿಸಿತು, ಅವರು ಕುರ್ಚಿಯಲ್ಲಿ ಕೂತಂತಾಯಿತು ಎಂದು ನಿಮ್ಮ ಅಮ್ಮನೋ ಅತ್ತೆಯೋ ಹೇಳಿದರೆ ದಯವಿಟ್ಟು ಮಂತ್ರವಾದಿಯನ್ನೂ ಕರೆಸಬೇಡಿ, ‘ಹುಚ್ಚು’ ಎಂದೂ ಅನ್ನಬೇಡಿ. ವೇಲ್ಸ್‌ನ ವೈದ್ಯ ಡೀವಿ ರೀಸ್ 1971ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಂಗಾತಿಯನ್ನು ಕಳೆದುಕೊಂಡ 293 ಮಂದಿಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಇಂಥ ಅನುಭವವಾಗಿತ್ತು, ಅವರಲ್ಲಿ ಬಹಳ ಮಂದಿ ಅದನ್ನು ಯಾರೊಂದಿಗೂ ಹೇಳಿಕೊಂಡಿರಲಿಲ್ಲ. ಅದು ದುಃಖ ಇಳಿಯುವ ದಾರಿಗಳಲ್ಲಿ ಒಂದು. ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳಿ.

ಸಿಸಿಟಿವಿಯಲ್ಲಿ ಬಿಳಿ ಉಂಡೆ, ಹೊಗೆಯಂಥ ಎಳೆ ಹಾದುಹೋದದ್ದನ್ನು ಕಳಿಸುವವರಿದ್ದಾರೆ. ಕ್ಯಾಮರಾದ ಅವಕೆಂಪು ದೀಪಗಳು, ಅಂದರೆ ನಮ್ಮ ಕಣ್ಣಿಗೆ ಕಾಣದೆ ಕ್ಯಾಮರಾಕ್ಕೆ ಮಾತ್ರ ಕಾಣುವ ಬೆಳಕಿನ ದೀಪಗಳು, ಮಸೂರದ ಹತ್ತಿರದ ಜೇಡನ ಎಳೆ, ಹುಳು, ಮಳೆಹನಿಯನ್ನು ಹಾಗೆ ಬೆಳಗಿಸುತ್ತವೆ. ಮಸೂರ ಒರೆಸಿ, ಮರುದಿನದ ಚಿತ್ರದೊಂದಿಗೆ ಹೋಲಿಸಿ. ರಾತ್ರಿ ಕಡಲ ಅಲೆಗಳಲ್ಲಿ ಕಾಣುವ ನೀಲಿ ಬೆಳಕು ಕದಡಿದಾಗ ಹೊಳೆಯುವ ಸೂಕ್ಷ್ಮಜೀವಿಗಳದ್ದು.

ಹಂತ 5: ವಸ್ತು ಹಾರಿದರೆ, ಬೆಂಕಿ ಹತ್ತಿದರೆ

ಇದು ಎಲ್ಲಕ್ಕಿಂತ ನಾಜೂಕಾದ ಹಂತ. ಮುಚ್ಚಿದ ಕೋಣೆಯಲ್ಲಿ ಪಾತ್ರೆ ಹಾರಿತು, ಕಪಾಟಿನ ಬಟ್ಟೆ ಸುಟ್ಟಿತು, ಅನ್ನದಲ್ಲಿ ಮಣ್ಣು ಬಂತು ಎಂಬ ಮನೆಗಳಲ್ಲಿ, ಕೊನೆಗೆ ಕಾರಣ ಗೊತ್ತಾದಾಗಲೆಲ್ಲ ಅಲ್ಲಿ ಮನುಷ್ಯರ ಕೈ ಕಂಡಿದೆ ಎಂಬುದು ನನ್ನ ಅನುಭವ. ಅಮೆರಿಕದ ಕೊಲಂಬಸ್ ನಗರದ ಮನೆಯೊಂದರಲ್ಲಿ 1984ರಲ್ಲಿ ಟೆಲಿಫೋನು, ದೀಪಗಳು ಹಾರುತ್ತವೆ ಎಂದು ದೊಡ್ಡ ಸುದ್ದಿಯಾಯಿತು. ತನ್ನನ್ನು ಯಾರೂ ನೋಡುತ್ತಿಲ್ಲ ಎಂದುಕೊಂಡ ಹದಿಹರೆಯದ ಹುಡುಗಿ ತಾನೇ ದೀಪವನ್ನು ಎಳೆದು ಬೀಳಿಸಿದ್ದು ಟಿವಿ ಕ್ಯಾಮರಾದಲ್ಲಿ ಸೆರೆಯಾಯಿತು. 1848ರಲ್ಲಿ ನ್ಯೂಯಾರ್ಕ್ ಪ್ರಾಂತ್ಯದ ಹೈಡ್ಸ್‌ವಿಲ್‌ನಲ್ಲಿ ಆತ್ಮಗಳು ‘ಬಡಿದು’ ಉತ್ತರಿಸುತ್ತವೆ ಎಂದು ಜಗತ್ತನ್ನೇ ನಂಬಿಸಿದ ಫಾಕ್ಸ್ ಸಹೋದರಿಯರಲ್ಲಿ ಒಬ್ಬರಾದ ಮಾರ್ಗರೆಟ್, ಅದು ಕಾಲ್ಬೆರಳಿನ ಗೆಣ್ಣು ಮುರಿದ ಸದ್ದೆಂದು 1888ರಲ್ಲಿ ವೇದಿಕೆಯ ಮೇಲೆಯೇ ತೋರಿಸಿದರು. ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ಅವರು ದಶಕಗಳಿಂದ ಊರೂರಿಗೆ ಹೋಗಿ ‘ಪವಾಡ’ಗಳನ್ನು ತಾವೇ ಮಾಡಿ ತೋರಿಸುತ್ತ ಬಂದಿದ್ದಾರೆ, ಕಡ್ಡಿ ಗೀರದೆ ಬೆಂಕಿ ಹತ್ತಿಸುವ ರಾಸಾಯನಿಕಗಳು ಇವೆ ಎಂಬುದನ್ನು ಅಂಥ ಪ್ರದರ್ಶನಗಳಲ್ಲಿ ನೀವೂ ನೋಡಿರಬಹುದು.

ಪುಸ್ತಕ ತೆಗೆದು, ಪ್ರತಿ ಘಟನೆಯ ಹೊತ್ತಿಗೆ ಯಾರು ಎಲ್ಲಿದ್ದರು ಎಂಬ ಕಾಲಮನ್ನು ಒಬ್ಬರೇ ಕೂತು ಓದಿ. ಒಬ್ಬ ವ್ಯಕ್ತಿ ಮನೆಯಲ್ಲಿರುವಾಗ ಮಾತ್ರ, ಅದರಲ್ಲೂ ಉಳಿದವರ ಕಣ್ಣು ಬೇರೆ ಕಡೆ ಇರುವಾಗ ಮಾತ್ರ ಆಗುತ್ತದೆಯೇ? ಆ ವ್ಯಕ್ತಿ ನೆಂಟರ ಮನೆಗೆ ಹೋದ ದಿನಗಳ ಸಾಲು ಖಾಲಿ ಇದೆಯೇ? ಬೆಂಕಿ ಹತ್ತುತ್ತಿದ್ದರೆ ಮೊದಲು ಸೀಮೆಎಣ್ಣೆ, ಸ್ಯಾನಿಟೈಸರ್, ಬೆಂಕಿಪೊಟ್ಟಣಗಳನ್ನು ಬೀಗದೊಳಗಿಡಿ, ನೀರು ತುಂಬಿದ ಬಾಲ್ದಿಯನ್ನು ಕೈಗೆಟಕುವಂತೆ ಇಡಿ. ಉಳಿದ ವಿಚಾರಣೆ ಆಮೇಲೆ.

ಸಂಶಯ ಒಬ್ಬರ ಕಡೆ ಹೋದರೆ ಅವರನ್ನು ನಾಲ್ಕು ಜನರ ಮುಂದೆ ನಿಲ್ಲಿಸಬೇಡಿ. ಇದನ್ನು ನಾನು ಕೈಮುಗಿದು ಕೇಳಿಕೊಳ್ಳುತ್ತೇನೆ. ಹೀಗೆ ಮಾಡುವವರಲ್ಲಿ ಬಹಳ ಮಂದಿ ಮನೆಯಲ್ಲಿ ಬಾಯಿ ತೆರೆದು ಹೇಳಲಾಗದ ಸ್ಥಿತಿಯಲ್ಲಿರುತ್ತಾರೆ: ಹಾಸ್ಟೆಲಿಗೆ ಹೋಗಲು ಇಷ್ಟವಿಲ್ಲದ ಹುಡುಗ, ಕೆಲಸಕ್ಕೆಂದು ದೂರದ ಊರಿಂದ ತಂದಿಟ್ಟ ಹುಡುಗಿ, ಹೊಸದಾಗಿ ಬಂದ ಸೊಸೆ. ಕೆಲವೊಮ್ಮೆ ಮನೆಯವರೇ ಒಬ್ಬರು ಆ ಮಗುವಿಗೆ ಕೈಮಾಡುತ್ತಿರುತ್ತಾರೆ, ಅಥವಾ ಅದಕ್ಕಿಂತ ಕೆಟ್ಟದ್ದು ನಡೆಯುತ್ತಿರುತ್ತದೆ. ಹಾರಿದ ಪಾತ್ರೆ ಅದರ ಕೂಗು. ಮಗುವಿಗೆ ನಂಬಿಕೆಯಿರುವ ಒಬ್ಬರು, ಚಿಕ್ಕಮ್ಮನೋ ಟೀಚರೋ, ಒಂಟಿಯಾಗಿ ಕೂತು ‘ನಿನಗೇನಾದರೂ ಕಷ್ಟ ಉಂಟಾ ಮಗಾ?’ ಎಂದು ಕೇಳಲಿ. ‘ನೀನೇ ಮಾಡಿದ್ದಾ?’ ಎಂಬುದು ಮೊದಲ ಪ್ರಶ್ನೆಯಾಗಬಾರದು. ದೌರ್ಜನ್ಯದ ಸುಳಿವು ಸಿಕ್ಕರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ಹಂತ 6: ‘ಮೈಮೇಲೆ ಬಂದಿದೆ’ ಎಂದಾಗ

ದೈವದ ದರ್ಶನದ ಮಾತು ಇಲ್ಲಿಲ್ಲ. ಮನೆಯಲ್ಲಿ ಒಬ್ಬರು ಇದ್ದಕ್ಕಿದ್ದಂತೆ ಬೇರೆ ಧ್ವನಿಯಲ್ಲಿ ಮಾತಾಡುವುದು, ಕಣ್ಣು ಮೇಲೆ ಹೋಗಿ ಬೀಳುವುದು, ಯಾರಿಗೂ ಕೇಳದ ದನಿಗಳಿಗೆ ಉತ್ತರಿಸುವುದು, ಇವುಗಳ ಮಾತು. ಇವು ಅಪಸ್ಮಾರ, ತೀವ್ರ ಮಾನಸಿಕ ಒತ್ತಡ, ಮನೋವ್ಯಾಧಿ, ಮಿದುಳಿನ ಸೋಂಕು ಯಾವುದೂ ಆಗಿರಬಹುದು. ಜ್ವರದೊಂದಿಗೆ ಗೊಂದಲದ ಮಾತು ಬಂದರೆ, ಅಥವಾ ಬಾಣಂತಿಗೆ ಹೆರಿಗೆಯಾದ ಕೆಲವೇ ದಿನಗಳಲ್ಲಿ ನಿದ್ದೆ ಹೋಗಿ ವಿಚಿತ್ರ ಮಾತು ಶುರುವಾದರೆ, ಒಂದು ರಾತ್ರಿಯೂ ಕಾಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮಂಗಳೂರಿನ ವೆನ್ಲಾಕ್‌ನಲ್ಲಿ, ಉಡುಪಿಯ ಜಿಲ್ಲಾಸ್ಪತ್ರೆಯಲ್ಲಿ ತೋರಿಸಬಹುದು. ಫೋನಿನಲ್ಲಿ ಮಾತಾಡಲು ಟೆಲಿ ಮನಸ್ ಸಹಾಯವಾಣಿ 14416 ಇದೆ.

ಹೊಡೆಯುವುದು, ಕಟ್ಟಿಹಾಕುವುದು, ಮೆಣಸಿನ ಹೊಗೆ ಕೊಡುವುದು, ಇವು ಚಿಕಿತ್ಸೆಯಲ್ಲ, ಅಪರಾಧ. ಅಮಾನವೀಯ ದುಷ್ಟ ಪದ್ಧತಿಗಳನ್ನೂ ವಾಮಾಚಾರವನ್ನೂ ತಡೆಯುವ ಕರ್ನಾಟಕದ 2017ರ ಕಾಯ್ದೆ 2020ರ ಜನವರಿಯಿಂದ ಜಾರಿಯಲ್ಲಿದೆ. ಒಂದರಿಂದ ಏಳು ವರ್ಷಗಳ ಸೆರೆವಾಸವನ್ನೂ 5,000ದಿಂದ 50,000 ರೂಪಾಯಿ ದಂಡವನ್ನೂ ಅದು ವಿಧಿಸುತ್ತದೆ.

ಹಂತ 7: ಹಿರಿಯರು ‘ಪ್ರಶ್ನೆ ಇಡಬೇಕು’ ಎಂದರೆ

ಪ್ರಶ್ನೆ ಇಡುವುದು, ಅಂದರೆ ಜ್ಯೋತಿಷಿಯ ಮೂಲಕ ಕಾರಣ ಕೇಳಿಸುವುದು, ನಮ್ಮ ಊರಿನಲ್ಲಿ ಮನೆ ಮನೆಯ ಮಾತು. ಅದರಿಂದ ಕಾರಣ ತಿಳಿಯುತ್ತದೆ ಎಂದು ನಾನು ಎಣಿಸುವುದಿಲ್ಲ. ಆದರೂ ಈ ಒಂದು ವಿಷಯಕ್ಕೆ ಅಪ್ಪ ಅಮ್ಮನೊಂದಿಗೆ ಜಗಳವಾಡಿ ಮನೆ ಒಡೆಯುವುದರಲ್ಲಿ ಅರ್ಥವಿಲ್ಲ. ಕೆಲವು ಷರತ್ತುಗಳನ್ನು ಮೊದಲೇ ಒಪ್ಪಿಸಿಕೊಳ್ಳಿ: ಹದಿನಾಲ್ಕು ರಾತ್ರಿಗಳ ಪುಸ್ತಕ ಮುಗಿದ ಮೇಲೆಯೇ ಹೋಗುವುದು, ಖರ್ಚಿನ ಮಿತಿಯನ್ನು ಮನೆಯಲ್ಲೇ ನಿಗದಿ ಮಾಡುವುದು, ಸಾಲ ಮಾಡುವುದಿಲ್ಲ, ಚಿನ್ನ ಅಡವಿಡುವುದಿಲ್ಲ, ಔಷಧಿ ನಿಲ್ಲಿಸುವುದಿಲ್ಲ, ಮನೆಯ ಹೆಂಗಸರನ್ನಾಗಲಿ ಮಕ್ಕಳನ್ನಾಗಲಿ ಯಾರ ಜೊತೆಯೂ ಒಂಟಿಯಾಗಿ ಬಿಡುವುದಿಲ್ಲ. ‘ನಿಮ್ಮ ದಾಯಾದಿ ಮಾಟ ಮಾಡಿಸಿದ್ದಾನೆ’, ‘ಪಕ್ಕದ ಮನೆಯ ವಿಧವೆಯ ಕಣ್ಣು ಬಿದ್ದಿದೆ’ ಎಂದು ಬದುಕಿರುವ ಮನುಷ್ಯರ ಕಡೆ ಬೆರಳು ತೋರಿಸಿದರೆ ಅಲ್ಲಿಂದಲೇ ಎದ್ದು ಬನ್ನಿ. ಸದ್ದು ಒಂದು ದಿನ ನಿಲ್ಲುತ್ತದೆ. ಹಾಗೆ ಮುರಿದ ಸಂಬಂಧ ಎರಡು ತಲೆಮಾರಿಗೂ ಕೂಡುವುದಿಲ್ಲ.

ಹಂತ 8: ಸರಿಪಡಿಸಿ, ಮತ್ತೆ ಎಣಿಸಿ

ಹಂಚು ಹಾಕಿಸಿದ ಮೇಲೆ, ಅರ್ಥಿಂಗ್ ಸರಿಮಾಡಿಸಿದ ಮೇಲೆ, ಪಂಪಿನ ಹೊತ್ತು ಬದಲಿಸಿದ ಮೇಲೆ ಮತ್ತೆ ಹದಿನಾಲ್ಕು ರಾತ್ರಿ ಬರೆಯಿರಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಅದೇ ವಾರ ಹೋಮವನ್ನೂ ಮಾಡಿಸಿ ಹಂಚನ್ನೂ ಹಾಕಿಸಿದರೆ ಯಾವುದರಿಂದ ನಿಂತಿತು ಎಂಬುದು ಮುಂದಿನ ಮಳೆಗಾಲದವರೆಗೂ ತಿಳಿಯುವುದಿಲ್ಲ. ಎರಡು ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ಕೆಲವು ಸಾಲುಗಳಿಗೆ ಉತ್ತರ ಸಿಕ್ಕದೆ ಉಳಿಯಬಹುದು. ಅವುಗಳ ಎದುರು ‘ಕಾರಣ ಸಿಕ್ಕಿಲ್ಲ’ ಎಂದಷ್ಟೇ ಬರೆಯಿರಿ, ಬೇರೆ ಯಾವ ಹೆಸರನ್ನೂ ಬರೆಯಬೇಡಿ. ಕಾಪುವಿನ ಆ ಮನೆಯವರ ಪುಸ್ತಕದಲ್ಲಿ ಅಂಥ ಎರಡು ಸಾಲುಗಳು ಇಂದಿಗೂ ಇವೆ. ಅವರು ಅಟ್ಟದ ಕೆಳಗಿನ ಅದೇ ಕೋಣೆಯಲ್ಲಿ ಮಲಗುತ್ತಾರೆ.